ಬೈಲಪ್ಪನವರ ಷರಾ ಕಾಲಂ

ಉರಿಯದೇ ಉಳಿದ ಕರೆಂಟನ್ನು ಎಣಿಸುವುದು ನನ್ನ ಕೆಲಸ. ಉರಿದದ್ದನ್ನು ಮೀಟರು ಎಣಿಸುತ್ತದೆ, ಅದಕ್ಕೆ ತಿಂಗಳು ತಿಂಗಳು ಬಿಲ್ಲು ಬರುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಉರಿಯದೇ ಉಳಿದದ್ದೆಷ್ಟು ಎಂದು ಹೇಳಬೇಕಾದಾಗ ಮಾತ್ರ ನನ್ನಂಥವನು ಬೇಕಾಗುತ್ತದೆ. ಬಾಗಲಕೋಟೆಯಲ್ಲಿ ನಾಲ್ಕು ವರ್ಷದ ಇಂಜಿನಿಯರಿಂಗನ್ನು ಐದೂವರೆ ವರ್ಷ ಓದಿ, ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನಲ್ಲೊಂದು ತಾರಸಿ ಕೋಣೆ ಹಿಡಿದು, ಎಂಟು ತಿಂಗಳು ಚಪ್ಪಲಿ ಸವೆಸಿದ ಮೇಲೆ ಸಿಕ್ಕ ಕೆಲಸ ಇದು. ವಿಸಿಟಿಂಗ್ ಕಾರ್ಡಿನಲ್ಲಿ 'ಸಂಗಮೇಶ, ಎನರ್ಜಿ ಅನಲಿಸ್ಟ್' ಎಂದಿತ್ತು. ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ.

"ಅಂದ್ರ ಲೈನ್‌ಮನ್ ಏನೋ?" ಅಂದಳು.

"ಅಲ್ಲಬೇ."

"ಹಂಗಾರ ಕರೆಂಟ್ ಹೋದ್ರ ನಿನಗ ರಿಪೇರಿ ಮಾಡಾಕ ಬರಂಗಿಲ್ಲ?"

ಬರಂಗಿಲ್ಲ ಎಂದೆ. ಅವಳು ಕಾರ್ಡನ್ನು ನೋಡಿ, ಎರಡೂ ಬದಿ ತಿರುಗಿಸಿ, ವಾಪಸ್ ಕೊಟ್ಟಳು.

ಆಫೀಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಮಾಲೀಕರು ವೇಣು ಸಾರ್. ಅವರ ಕೆಳಗೆ ನಾನು, ಮತ್ತು ವರದಿಗಳನ್ನು ಟೈಪು ಮಾಡುವ ಚೂಡಾಮಣಿ ಮೇಡಂ. ಇಷ್ಟೇ ಜನ. 2002ರ ಆಗಸ್ಟಿನಲ್ಲಿ ನಮಗೆ ಒಂದು ದೊಡ್ಡ ಕೆಲಸ ಬಂತು. ನಗರದ ಅಂಚಿನ ಒಂದು ಸೈನಿಕ ನೆಲೆ. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ತಾನೇ ತಿಳಿಯುತ್ತದೆ. ಹಿಂದಿನ ಡಿಸೆಂಬರಿನಲ್ಲಿ ಅಲ್ಲಿನ ನೀರಿನ ಪಂಪು, ಬೀದಿದೀಪ, ಬ್ಯಾರಕ್ಕುಗಳ ಗೀಸರು ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಜೋಡಿಸಿದ್ದರು. ಯಾವುದು ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂದು ಇನ್ನು ಅದೇ ತೀರ್ಮಾನಿಸುತ್ತದೆ. ಇದರಿಂದ ಎಷ್ಟು ವಿದ್ಯುತ್ ಉಳಿಯಿತು ಎಂದು ಹೊರಗಿನವರು ಅಳೆದು ಹೇಳಬೇಕಿತ್ತು. ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಉಳಿದಿದ್ದರೆ ಕಂಪ್ಯೂಟರ್ ಕಾಯಂ, ಪಂಪ್‌ಹೌಸಿನ ಆಪರೇಟರ್ ಹುದ್ದೆ ರದ್ದು. ಅಷ್ಟು ಉಳಿಯದಿದ್ದರೆ ಆಪರೇಟರ್ ಇರುತ್ತಾನೆ. ಕಂಪ್ಯೂಟರ್ ಹಾಕಿದ ಕಂಪನಿಯೇ ನಮ್ಮನ್ನೂ ಗೊತ್ತು ಮಾಡಿತ್ತು. ಅದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸಬೇಕಿತ್ತು. ಆಗಿನ್ನೂ ನನ್ನ ಕೆಲಸ ಕಾಯಂ ಆಗಿರಲಿಲ್ಲ, ಆದ್ದರಿಂದ ಅನ್ನಿಸಲಿಲ್ಲ.

ಆ ಆಪರೇಟರೇ ಬೈಲಪ್ಪನವರು.

ನೆಲೆಯ ಹಿಂದಿನ ಗೇಟಿಗೆ ಅಂಟಿಕೊಂಡ ಹಾಗೆ ಪಂಪ್‌ಹೌಸು. ನಾನು ಹೋದಾಗ ಅವರು ಮೋಟಾರಿನ ಮೈಮೇಲೆ ಅಂಗೈ ಇಟ್ಟು ನಿಂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಐವತ್ತೆರಡರ ಆಸುಪಾಸು, ಬಡಕಲು ಮೈ, ಎರಡು ಸಲ ಕಾಲರು ತಿರುಗಿಸಿ ಹೊಲಿಸಿದ ಖಾಕಿ ಅಂಗಿ.

"ಕಂಪ್ಯೂಟರ್ ಕಡೆಯವ್ರಾ, ಮನುಸ್ರ ಕಡೆಯವ್ರಾ?" ಅಂದರು.

"ಯಾರ ಕಡೀನೂ ಅಲ್ರಿ. ನಂದು ಬರೀ ಅಳತಿ ಮಾಡೋ ಕೆಲಸ."

"ಅಂಗಾದ್ರೆ ಕೂತ್ಕಳಿ. ಅಳತೆಯವ್ರಿಗೆ ಅಂತ ಸ್ಟೂಲ್ ಐತೆ. ಬಿಜಾಪುರದ ಕಡೆನಾ?"

"ಬಾಗಲಕೋಟೆ ರಿ."

"ಆ 'ರಿ' ಬಿದ್ದಾಗ್ಲೇ ಅಂದ್ಕೊಂಡೆ. ನಮ್ಮೋರು ಬೈಯೋವಾಗ್ಲೂ ಅಷ್ಟು ಮರ್ಯಾದೆ ಕೊಡಲ್ಲ ಸಾರ್."

ನನಗೆ ಬೇಕಾಗಿದ್ದು ಹಳೇ ಲೆಕ್ಕ. ಉಳಿತಾಯ ಅಳೆಯುವುದೆಂದರೆ ಕಂಪ್ಯೂಟರ್ ಬರುವ ಮೊದಲು ಎಷ್ಟು ಉರಿಯುತ್ತಿತ್ತು, ಬಂದ ಮೇಲೆ ಎಷ್ಟು ಉರಿಯಿತು ಎಂದು ಪಕ್ಕಪಕ್ಕ ಇಟ್ಟು ನೋಡುವುದು. ಕರೆಂಟ್ ಬಿಲ್ಲಿನಲ್ಲಿ ಇಡೀ ನೆಲೆಯ ಲೆಕ್ಕ ಒಂದೇ ರಾಶಿ. ಕಂಪ್ಯೂಟರಿಗೆ ಸೇರಿದ ಭಾಗಕ್ಕೆ ಬೇರೆ ಮೀಟರುಗಳಿದ್ದವು. ಅವನ್ನು ದಿನವೂ ಓದಿ ಬರೆದಿಟ್ಟವರು ಬೈಲಪ್ಪ ಒಬ್ಬರೇ. ಕಂಪ್ಯೂಟರಾದರೂ ಈ ವರ್ಷದ್ದನ್ನು ಇಟ್ಟುಕೊಂಡಿರಬಹುದು ಎಂದು ಅದರ ಎ.ಸಿ. ಕೋಣೆಗೆ ಹೋಗಿ ಕೇಳಿದೆ. ಮೇ ತಿಂಗಳ ಒಂದು ಸಿಡಿಲಿಗೆ ಅದು ತನ್ನ ನೆನಪನ್ನೆಲ್ಲ ಕಳೆದುಕೊಂಡಿತ್ತು. ಹೀಗೆ ಕಂಪ್ಯೂಟರಿನ ಜಾಣತನವನ್ನು ಸಾಬೀತು ಮಾಡಲು ಜಗತ್ತಿನಲ್ಲಿದ್ದ ಒಂದೇ ಆಧಾರ, ಅದರಿಂದ ಕೆಲಸ ಕಳೆದುಕೊಳ್ಳಲಿದ್ದವರು ಬರೆದಿಟ್ಟ ಲಾಗ್ ಪುಸ್ತಕ.

ಬೈಲಪ್ಪ ಹನ್ನೊಂದು ಪುಸ್ತಕ ತಂದು ನನ್ನ ಮುಂದಿಟ್ಟರು. ವರ್ಷಕ್ಕೊಂದು. ಕಂದು ಕಾಗದದ ಹೊದಿಕೆ, ಮೇಲೆ ಇಸವಿ. ದಿನಕ್ಕೊಂದು ಸಾಲು: ತಾರೀಖು, ಪಂಪು ಹಾಕಿದ ಹೊತ್ತು, ಆರಿಸಿದ ಹೊತ್ತು, ಮೀಟರಿನ ಅಂಕಿ, ಕೊನೆಗೆ ಷರಾ, ಅಂದರೆ ವಿಶೇಷವೇನಾದರೂ ಇದ್ದರೆ ಬರೆಯುವ ಜಾಗ. ಷರಾದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಇವರದರಲ್ಲಿ ದಿನವೂ ಒಂದು ಸಣ್ಣ ಅಂಕಿ ಇತ್ತು, ಪೆನ್ಸಿಲಿನಲ್ಲಿ. ನನ್ನ ಎಕ್ಸೆಲ್ ಹಾಳೆಯಲ್ಲಿ ಷರಾಕ್ಕೆ ಕಾಲಂ ಇರಲಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ಎರಡು ವಾರ ಆ ಸ್ಟೂಲಿನ ಮೇಲೆ ಕೂತು ಮಿಕ್ಕಿದ್ದನ್ನೆಲ್ಲ ನಕಲು ಮಾಡಿಕೊಂಡೆ.

ಆ ಎರಡು ವಾರದಲ್ಲಿ ಅವರ ಕತೆಯೂ ಚೂರುಚೂರಾಗಿ ನನ್ನ ಕಿವಿಗೆ ಬಿತ್ತು. ಅರೆಕೆರೆಯ ಹಳೇ ಮನೆತನ. ಅಪ್ಪ ಕೆರೆಯ ನೀರಗಂಟಿ. ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಮನೆಯ ಪಾಲಿಗೆ ತಲೆತಲಾಂತರದಿಂದ ಬಂದ ಕೆಲಸ. ನೀರು ಹಂಚುವ ಮನೆಯವರಿಗೆ ಊರ ಬಾವಿಯಲ್ಲಿ ಸೇದಲು ಬಿಡುತ್ತಿರಲಿಲ್ಲ ಎಂಬುದನ್ನು ಅವರು ಅದೇ ದನಿಯಲ್ಲಿ, ಮೋಟಾರಿಗೆ ಎಣ್ಣೆ ಬಿಡುತ್ತಾ ಹೇಳಿದರು. ಗದ್ದೆಗಳು ಸೈಟುಗಳಾದವು, ತೂಬಿಗೆ ಕಲ್ಲು ಹಾಕಿದರು, ಅಪ್ಪನಿಗೆ ಕೆಲಸ ಇಲ್ಲದಾಯಿತು. ಮಗ 1983ರಲ್ಲಿ ಈ ನೆಲೆಗೆ ಪೈಪಿನ ಗುಂಡಿ ತೋಡಲು ಬಂದವನು ಪಂಪಿಗೆ ಹತ್ತಿಕೊಂಡ.

ಹತ್ತೊಂಬತ್ತು ವರ್ಷವಾದರೂ ಅವರು ದಿನಗೂಲಿಯೇ. ಸತತ ತೊಂಬತ್ತು ದಿನ ದುಡಿದರೆ ಕಾಯಂ ಮಾಡಬೇಕಾದೀತೆಂದು ಎಂಬತ್ತೊಂಬತ್ತು ದಿನಕ್ಕೊಮ್ಮೆ ಅವರನ್ನು ಕೆಲಸದಿಂದ ತೆಗೆದು, ಒಂದು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಕಾಯಂ ಮಾಡಬೇಕೆಂಬ ಅರ್ಜಿ ಎಲ್ಲೋ ಮೇಲಿನ ಕಚೇರಿಗೆ ಹೋಗಿತ್ತು. ಹುದ್ದೆ ಉಳಿದರೆ ಅರ್ಜಿಗೂ ಜೀವ, ಹುದ್ದೆ ಹೋದರೆ ಅರ್ಜಿಯೂ ಹೋಯಿತು.

"ಆ ಒಂದಿನ ಏನ್ ಮಾಡ್ತೀರಿ?" ಎಂದು ಕೇಳಿದ್ದೆ.

"ಗೇಟ್ ಆಚೆ ಟೀ ಅಂಗಡೀಲಿ ಕೂತ್ಕಂತೀನಿ."

"ಮನ್ಯಾಗ ಇರಬಾರದೇನ್ರಿ?"

"ಆವತ್ತು ಪಂಪ್ ಹಾಕೋಕೆ ತೋಟದ ಹುಡುಗನ್ನ ಬಿಟ್ಟಿರ್ತಾರೆ ಸಾರ್. ಮೋಟ್ರು ಸದ್ದು ಏನಾರ ಬದಲಾದ್ರೆ ಅಲ್ಲಿಂದ್ಲೇ ಕೂಗಿ ಹೇಳ್ತೀನಿ."

ಸೆಪ್ಟೆಂಬರ್ ಕೊನೆಗೆ ಲೆಕ್ಕ ಮುಗಿಯಿತು. 2001ರ ಮೊದಲ ಏಳು ತಿಂಗಳಲ್ಲಿ ತಿಂಗಳಿಗೆ ಸರಾಸರಿ ಒಂದು ಲಕ್ಷ ನಲವತ್ತೆಂಟು ಸಾವಿರ ಯೂನಿಟ್ಟು. 2002ರ ಅದೇ ತಿಂಗಳುಗಳಲ್ಲಿ ತೊಂಬತ್ತೆಂಟು ಸಾವಿರದ ಹತ್ತಿರ. ನೂರಕ್ಕೆ ಮೂವತ್ತನಾಲ್ಕು ಉಳಿತಾಯ. ವೇಣು ಸಾರ್ ನನ್ನ ಬೆನ್ನು ತಟ್ಟಿದರು.

"ಸಖತ್ ನಂಬರ್ ಗುರು. ಇಪ್ಪತ್ತೈದು ದಾಟಿದ್ರೆ ಸಾಕಿತ್ತು. ನೀನು ಕಾಯಂ ಆದಂಗೆ."

ಅವತ್ತು ಅವರೇ ಮಸಾಲೆ ದೋಸೆ ಕೊಡಿಸಿದರು. ನಾನು ಎರಡು ತಿಂದೆ. ಒಂದೆರಡು ಅಂಕಿಗಳನ್ನು ಪುಸ್ತಕದ ಜೊತೆ ತಾಳೆ ನೋಡಲು ಮರುದಿನ ಪಂಪ್‌ಹೌಸಿಗೆ ಹೋದೆ. ಬೈಲಪ್ಪ ಸ್ಟೂಲು ಎಳೆದಿಟ್ಟರು. ನಾನೇ ಹೇಳಿದೆ.

"ಮೂವತ್ನಾಕು ಬಂತ್ರಿ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು.

"ಜನಾನೇ ಇಲ್ವಲ್ಲ ಸಾರ್. ಕರೆಂಟು ಯಾರಿಗೆ ಉರೀಬೇಕು?"

"ಹಂಗಂದ್ರ?"

"ಡಿಸೆಂಬರ್‌ನಲ್ಲಿ ಅರ್ಧ ಜನ ರೈಲು ಹತ್ತಿ ಬಾರ್ಡರ್‌ಗೆ ಹೋದ್ರು. ಇನ್ನೂ ಬಂದಿಲ್ಲ. ಕಂಪ್ಯೂಟ್ರು ಬಂದಿದ್ದೂ ಅವ್ರು ಹೋಗಿದ್ದೂ ಒಂದೇ ತಿಂಗ್ಳು. ನೀವು ಷರಾ ನೋಡ್ಲಿಲ್ವಾ?"

ಗಡಿಯಲ್ಲಿ ಸೈನ್ಯ ಜಮಾಯಿಸಿದ್ದು ಆ ವರ್ಷ ಪೇಪರ್ ಓದುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಅಳೆಯುತ್ತಿದ್ದ ನೆಲೆಗೂ ಆ ಸುದ್ದಿಗೂ ಸಂಬಂಧವಿರಬಹುದು ಎಂದು ಒಮ್ಮೆಯೂ ಹೊಳೆಯದವನನ್ನೇ ಅನಲಿಸ್ಟ್ ಎನ್ನುವುದು.

ಅವರು 2001ರ ಪುಸ್ತಕ ತೆರೆದು ಪೆನ್ಸಿಲಿನ ಅಂಕಿಯ ಮೇಲೆ ಬೆರಳಿಟ್ಟರು. ಅರವತ್ತೆರಡು. ಅರವತ್ತೊಂದು. ಅರವತ್ತಮೂರು. 2002ರಲ್ಲಿ ನಲವತ್ತೊಂದು, ನಲವತ್ತು, ನಲವತ್ತೆರಡು.

"ಹಾಲಿನ ಕ್ಯಾನು," ಅಂದರು. "ಬೆಳಗ್ಗೆ ಈ ಗೇಟಲ್ಲೇ ಇಳಿಸ್ತಾರೆ. ಜನ ಜಾಸ್ತಿ ಇದ್ರೆ ಕ್ಯಾನು ಜಾಸ್ತಿ."

ತೊಂಬತ್ತೊಂದರ ಕೊನೇ ವಾರದಲ್ಲಿ ಒಂದು ದಳ ತರಬೇತಿಗೆಂದು ಹೊರಗೆ ಹೋಗಿದ್ದು ತಿಳಿಯದೆ ಅವರು ಎಂದಿನಂತೆ ನೀರು ಏರಿಸಿದ್ದರಂತೆ. ಟ್ಯಾಂಕು ತುಂಬಿ ಇಡೀ ದಿನ ನೀರು ಹರಿದು ಹೋಯಿತು. ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಅದು ನಿನಗೆ ಹೇಳುವ ವಿಷಯವಲ್ಲ ಎಂದು ಮೇಲಿನವರು ಗದರಿದರು. ಮನೆಗೆ ಬಂದು ಅಪ್ಪನಿಗೆ ಹೇಳಿಕೊಂಡರೆ ಮುದುಕ, ನಾನು ಎಷ್ಟು ಗದ್ದೆ ನಾಟಿಯಾಗಿದೆ ಅಂತ ಬದುವಿನ ಮೇಲೆ ನಡೆದು ಎಣಿಸಿ ಬಂದೇ ತೂಬು ಎತ್ತುತ್ತಿದ್ದೆ, ನಿನಗೇನು ರೋಗ ಎಂದನಂತೆ. ಮರುದಿನದಿಂದ ಇವರು ಕ್ಯಾನು ಎಣಿಸತೊಡಗಿದರು. ಎಣಿಸಿ, ಅಂಕಿ ಬರೆದು, ಅದಕ್ಕೆ ತಕ್ಕಷ್ಟು ಹೊತ್ತು ಪಂಪು ಹಾಕಿ, ಖಾಲಿ ಬ್ಯಾರಕ್ಕುಗಳ ಗೀಸರಿನ ಸ್ವಿಚ್ಚನ್ನು ತಾವೇ ಹೋಗಿ ಆರಿಸಿ ಬರುತ್ತಿದ್ದರು. ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನೆಲ್ಲ ಅವರು ಹನ್ನೊಂದು ವರ್ಷದಿಂದ ಮಾಡುತ್ತಲೇ ಇದ್ದರು. ಅವರ ತಪ್ಪೆಂದರೆ ಅದಕ್ಕೊಂದು ಹೆಸರು ಇಡದೇ ಇದ್ದದ್ದು.

ಅಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಬೀದಿದೀಪದಂಥವು ಜನ ಇರಲಿ ಬಿಡಲಿ ಉರಿಯುತ್ತವೆ, ಅದನ್ನು ಬೇರೆ ತೆಗೆದೆ. ಮಿಕ್ಕದ್ದನ್ನು ಕ್ಯಾನಿನ ಮೇಲೆ ಹಂಚಿದೆ. ಮೂವತ್ತನಾಲ್ಕರಲ್ಲಿ ಕಂಪ್ಯೂಟರಿನ ಪಾಲಿಗೆ ಉಳಿದದ್ದು ಸುಮಾರು ಒಂಬತ್ತು.

"ಒಂಬತ್ತ ರಿ. ಇಪ್ಪತ್ತೈದು ಎಲ್ಲೈತಿ, ಒಂಬತ್ತು ಎಲ್ಲೈತಿ. ನಿಮ್ಮ ಕೆಲಸ ಎಲ್ಲೂ ಹೋಗಂಗಿಲ್ಲ."

ಅವರು ಪುಸ್ತಕ ಮುಚ್ಚಿದರು. "ಅದನ್ನ ನನಗೇ ಅಂತ ಬರ್ಕೊಂಡಿದ್ದು ಸಾರ್. ದೊಡ್ಡೋರಿಗೆ ತೋರಿಸ್ಬೇಕಾ?"

"ತೋರಿಸಲೇಬೇಕ್ರಿ. ನನಗ ಬಿಡ್ರಿ."

ಈ ಮಾತು ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ನನ್ನ ಓದು ಒಬ್ಬರ ಉಪಯೋಗಕ್ಕೆ ಬಂದಿತ್ತು.

ಆ ಭಾನುವಾರ ಅವರು ಊಟಕ್ಕೆ ಕರೆದರು. ಅರೆಕೆರೆಯ ಹಳೇ ಬೀದಿಯಲ್ಲಿ ಎರಡು ಅಂಕಣದ ಮನೆ, ಮೂರೂ ಕಡೆ ಮೂರು ಮಹಡಿಯ ಬಾಡಿಗೆ ಕಟ್ಟಡಗಳು. ಗೋಡೆಯ ಮೇಲೆ ಬುದ್ಧನ ಪಟ. ಅವರ ಹೆಂಡತಿ ಗೋವಿಂದಮ್ಮ ಮುದ್ದೆ, ಬಸ್ಸಾರು ಬಡಿಸಿದರು. ನಾನು ಮುದ್ದೆಯನ್ನು ರೊಟ್ಟಿ ಮುರಿದ ಹಾಗೆ ಮುರಿದು ಅಗಿಯುವುದನ್ನು ನೋಡಿ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅಗೀಬೇಡಪ್ಪ, ನುಂಗು. ಇಷ್ಟು ಓದಿದೀಯ, ನುಂಗೋದು ಕಲ್ತಿಲ್ವಾ?"

"ಆಫೀಸ್ನಾಗ ದಿನಾ ಅದ ಮಾಡ್ತೀನ್ರಿ ಅಕ್ಕ, ಮನ್ಯಾಗ ಬರವಲ್ದು."

ಆಕೆ ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು. "ಇವ್ರ ಕೆಲ್ಸ ಉಳೀತದಾ? ನಿಜ ಹೇಳು. ಇಲ್ಲ ಅಂದ್ರೆ ಈಗ್ಲೇ ಬೇರೆ ಕಡೆ ಹೇಳಿಡ್ತೀನಿ. ಐವತ್ತು ದಾಟಿದೋರ್ನ ಯಾರೂ ತಗಳಲ್ಲ."

"ಉಳೀತೈತ್ರಿ. ಪುಸ್ತಕದಾಗ ಪುರಾವೆ ಐತಿ."

ಬೈಲಪ್ಪ ತಟ್ಟೆ ನೋಡುತ್ತಾ, "ಸಾರ್ ಹೇಳಿದ್ರೆ ಸರಿ," ಅಂದರು.

ವರದಿಗೆ ಏಳನೇ ಅನುಬಂಧ ಬರೆದೆ. ಹಾಲಿನ ಕ್ಯಾನಿನ ಕೋಷ್ಟಕ, ಎರಡೂ ವರ್ಷದ್ದು, ತಿಂಗಳವಾರು. ವೇಣು ಸಾರ್ ಓದಿ ಕನ್ನಡಕ ತೆಗೆದಿಟ್ಟರು.

"ಏನ್ ಗುರು ಇದು, ಎನರ್ಜಿ ರಿಪೋರ್ಟಾ, ಡೈರಿ ರಿಪೋರ್ಟಾ?"

"ಜನ ಕಡಿಮಿ ಆಗ್ಯಾರ್ರಿ ಸರ್. ಅದನ್ನ ಕಳೀದಿದ್ರ ಲೆಕ್ಕ ಸುಳ್ಳಾಗ್ತದ."

"ಮೀಟರ್ ಸುಳ್ಳು ಹೇಳುತ್ತಾ? ಆಗ ಇಷ್ಟು, ಈಗ ಇಷ್ಟು. ನಮಗೆ ಕೇಳಿರೋದು ಅಷ್ಟೇ. ಏಳನೇದು ತೆಗಿ."

ಅವರು ಮನೆಗೆ ಹೋದ ಮೇಲೆ ಚೂಡಾಮಣಿ ಮೇಡಂ ನನ್ನ ಕಡೆ ತಿರುಗಿದರು. ಎರಡು ಪ್ರತಿ ಅವರ ಕಂಪ್ಯೂಟರಿನಲ್ಲಿದ್ದವು, ಏಳನೇ ಅನುಬಂಧ ಇದ್ದದ್ದು, ಇಲ್ಲದ್ದು.

"ಯಾವ್ದು ಪ್ರಿಂಟ್ ಕೊಡ್ಲಿ?"

"ಇದ್ದದ್ದು ಕೊಡ್ರಿ ಮೇಡಂ."

"ಕೊಡ್ತೀನಿ. ಆದ್ರೆ ಆ ಪಂಪ್‌ನವ್ರ ಹೆಸರು ಯಾಕೆ ಹಾಕಿದೀಯ? ಸುಮ್ನೆ 'ಸ್ಥಳೀಯ ಮಾಹಿತಿ' ಅಂತ ಹಾಕು. ಮಿಲಿಟರಿ ಜಾಗ ಕಣೋ."

ನಾನು ಒಪ್ಪಲಿಲ್ಲ. ಹತ್ತೊಂಬತ್ತು ವರ್ಷ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಆ ಹೆಸರು ಎಲ್ಲೂ ಅಚ್ಚಾಗಿಲ್ಲ, ಇಲ್ಲಾದರೂ ಇರಲಿ ಎಂದೆ. ದೊಡ್ಡ ಮಾತು. ಮೇಡಂ ಪ್ರಿಂಟ್ ಕೊಟ್ಟರು. ಕೋಷ್ಟಕದ ಕೆಳಗೆ ಇಂಗ್ಲಿಷಿನಲ್ಲಿ ಹೀಗಿತ್ತು: ಪಂಪ್ ಆಪರೇಟರ್ ಶ್ರೀ ಬೈಲಪ್ಪನವರು ಹನ್ನೊಂದು ವರ್ಷ ದಿನವೂ ತಪ್ಪದೆ ಎಣಿಸಿ ದಾಖಲಿಸಿದ ಅಂಕಿಗಳು, ಅವರಿಗೆ ನಮ್ಮ ಕೃತಜ್ಞತೆ. ಜೆ.ಪಿ. ನಗರದ ಅಂಗಡಿಯಲ್ಲಿ ಐದು ಪ್ರತಿಗೆ ಸ್ಪೈರಲ್ ಹಾಕಿಸಿದೆ. ಅದರಲ್ಲಿ ಒಂದನ್ನು ಬೈಲಪ್ಪನವರಿಗೆ ಕೊಡಬೇಕೆಂದಿದ್ದೆ.

ವರದಿ ಒಪ್ಪಿಸುವ ಸಭೆ ನವೆಂಬರಿನ ಒಂದು ಬೆಳಿಗ್ಗೆ. ಉದ್ದನೆಯ ಮೇಜು, ಹಸಿರು ಬಟ್ಟೆ, ತಟ್ಟೆಯಲ್ಲಿ ಗೋಡಂಬಿ. ನೆಲೆಯ ಕಟ್ಟಡ, ನೀರು, ದೀಪ ನೋಡಿಕೊಳ್ಳುವ ಮೇಜರ್ ಸಾಹೇಬರು ಮಧ್ಯದಲ್ಲಿ. ಕಂಪನಿಯ ಇಬ್ಬರು ಒಂದು ಕಡೆ, ವೇಣು ಸಾರ್ ಮತ್ತು ನಾನು ಇನ್ನೊಂದು ಕಡೆ. ಮೇಜರ್ ಒಳ್ಳೆಯ ಮನುಷ್ಯ, ನಾನು ಸುಳ್ಳು ಹೇಳಬಾರದು. ವರದಿಯನ್ನು ಪ್ರತಿ ಪುಟವೂ ಓದುತ್ತಿದ್ದರು. ಏಳನೇ ಅನುಬಂಧ ಬಂದಾಗ ವೇಣು ಸಾರ್ ನನ್ನ ಕಾಲು ತುಳಿದರು. ಮೇಜರ್ ಓದಿದರು, ಹಿಂದಿನ ಪುಟಕ್ಕೆ ಹೋದರು, ಮತ್ತೆ ಓದಿದರು. ಜೇಬಿನಿಂದ ಪೆನ್ನು ತೆಗೆದು ಅಂಚಿನಲ್ಲಿ ಒಂದು ಗುಣಾಕಾರ ಮಾಡಿದರು.

ಈ ಹಾಲು ಯಾರು ಎಣಿಸಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಎದ್ದು ನಿಂತು ಹೇಳಿದೆ. ಎದ್ದು ನಿಲ್ಲುವ ಅಗತ್ಯವಿರಲಿಲ್ಲ. ಬೈಲಪ್ಪನವರು, ಸರ್. ಹನ್ನೊಂದು ವರ್ಷ, ಒಂದು ದಿನವೂ ಬಿಡದೆ, ಕೆಲಸದಿಂದ ತೆಗೆದ ದಿನವೂ ಟೀ ಅಂಗಡಿಯಿಂದ ಎಣಿಸಿ, ಮರುದಿನ ಬಂದು ಬರೆದಿದ್ದಾರೆ. ಎಲ್ಲ ಪುಸ್ತಕಗಳೂ ಪಂಪ್‌ಹೌಸಿನ ಕಪಾಟಿನಲ್ಲಿವೆ.

ಸೈನಿಕನ ತಲೆಗೆ ದಿನಕ್ಕಿಷ್ಟು ಹಾಲು ಎಂದು ನಿಗದಿಯಾಗಿರುತ್ತದೆ. ಕ್ಯಾನಿನ ಲೆಕ್ಕ ಸಿಕ್ಕರೆ ತಲೆಯ ಲೆಕ್ಕ ಸಿಕ್ಕಿತು. ಗಡಿಯಲ್ಲಿ ಸೈನ್ಯ ನಿಂತಿರುವಾಗ, ಯಾವ ತಾರೀಖಿನಿಂದ ಎಷ್ಟು ಜನ ಹೋದರು, ಎಷ್ಟು ಜನ ಉಳಿದರು ಎಂಬುದನ್ನು ಒಬ್ಬ ದಿನಗೂಲಿ ಪುಸ್ತಕದಲ್ಲಿ ಬರೆದು, ಬೀಗವಿಲ್ಲದ ಕಪಾಟಿನಲ್ಲಿಟ್ಟಿದ್ದಾನೆ. ಅದನ್ನು ಇನ್ನೊಬ್ಬ ಮೂರ್ಖ ಕೋಷ್ಟಕ ಮಾಡಿ, ಐದು ಪ್ರತಿ ತೆಗೆದು, ಸ್ಪೈರಲ್ ಹಾಕಿಸಿದ್ದಾನೆ. ಇದು ನನಗೆ ಅರ್ಥವಾದದ್ದು ಮೇಜರ್ ಸಾಹೇಬರು ಫೋನೆತ್ತಿಕೊಂಡ ಮೇಲೆ.

ಎಲ್ಲ ಪ್ರತಿಗಳನ್ನೂ ತೆಗೆದುಕೊಂಡರು. ಜಯನಗರದ ಆಫೀಸಿಗೆ ಇಬ್ಬರು ಬಂದು ಚೂಡಾಮಣಿ ಮೇಡಂ ಎದುರೇ ಕಂಪ್ಯೂಟರಿನಿಂದ ಏಳನೇ ಅನುಬಂಧ ಅಳಿಸಿದರು. ನನ್ನನ್ನು ಒಂದು ಗಂಟೆ ಕೂರಿಸಿ ಕೇಳಿ, ಇವನ ತಲೆಯಲ್ಲಿ ಅಂಥದ್ದೇನೂ ಇಲ್ಲ ಎಂದು ಮನವರಿಕೆಯಾಗಿ ಬಿಟ್ಟರು. ಬೈಲಪ್ಪನವರನ್ನು ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿದರು. ಯಾರಿಗಾಗಿ ಬರೆದೆ? ಯಾರಿಗೆ ತೋರಿಸಿದೆ? ನೀರಿಗಾಗಿ ಎಂದು ಬೈಲಪ್ಪ, ಯಾರಿಗೆ ಎಂದು ಕೇಳುವವರು. ಕೊನೆಗೆ ದುರುದ್ದೇಶವಿಲ್ಲ ಎಂದು ಬರೆದರು, ಆದರೆ ಗೇಟ್ ಪಾಸು ಕಿತ್ತುಕೊಂಡರು. ಹುದ್ದೆ ರದ್ದಾಗುವವರೆಗೂ ಕಾಯಲಿಲ್ಲ. ಹನ್ನೊಂದು ಪುಸ್ತಕಗಳಿಗೆ ಅರಗಿನ ಮೊಹರು ಬಿತ್ತು.

ಜನರ ಲೆಕ್ಕ ಗುಟ್ಟಿನದು ಎಂದಾದ ಮೇಲೆ ಅದನ್ನು ವರದಿಯಲ್ಲಿ ಕಳೆಯುವುದೂ ಸಾಧ್ಯವಿಲ್ಲ. ಮೂವತ್ತನಾಲ್ಕು ಮೂವತ್ತನಾಲ್ಕಾಗಿಯೇ ಉಳಿಯಿತು. ಹೊಸದಾಗಿ ತೆಗೆದ ಪ್ರತಿಯ ಕೊನೆಯ ಪುಟವನ್ನು ವೇಣು ಸಾರ್ ನನ್ನ ಮುಂದೆ ತಳ್ಳಿದರು.

"ಹೀರೋ ಆಗೋಕೆ ಹೋಗಿ ಆ ಮುದುಕನ್ನ ಮುಗಿಸ್ದೆ. ಏನೂ ಮಾಡ್ದೆ ಇದ್ದಿದ್ರೆ ಮೂರು ತಿಂಗಳಾದ್ರೂ ನೋಟಿಸ್ ಅಂತ ಸಿಗ್ತಿತ್ತು. ಸೈನ್ ಹಾಕು."

ಹಾಕಿದೆ. ಜನವರಿಯಲ್ಲಿ ನನ್ನ ಕೆಲಸ ಕಾಯಂ ಆಯಿತು. ಆ ಸಂಜೆ ತಿಲಕ್ ನಗರದವರೆಗೆ ನಡೆದು ಹೋಗಿ, ಅರೆಕೆರೆಯ ಬಸ್ಸಿಗೆ ಕಾದು, ಬಸ್ಸು ಬಂದಾಗ ಹತ್ತಲಿಲ್ಲ. ಇನ್ನೂ ಎರಡು ಸಲ ಹಾಗೇ ಮಾಡಿದೆ. ಆಮೇಲೆ ಕಾಯುವುದನ್ನೂ ಬಿಟ್ಟೆ.

2003ರಲ್ಲಿ ದಳಗಳು ಗಡಿಯಿಂದ ವಾಪಸ್ ಬಂದವು. ಬ್ಯಾರಕ್ಕುಗಳು ತುಂಬಿದವು, ಕರೆಂಟು ಮತ್ತೆ ಒಂದು ಲಕ್ಷ ಮೂವತ್ತು ಸಾವಿರದ ಮೇಲೆ ಹೋಯಿತು. ಮೂವತ್ತನಾಲ್ಕು ಎಲ್ಲಿ ಹೋಯಿತು ಎಂದು ಮೇಲಿನಿಂದ ಪ್ರಶ್ನೆ ಬಂತು. ಜನ ಬಂದರು ಎಂದು ಬರೆಯುವ ಹಾಗಿಲ್ಲ. ಕಂಪ್ಯೂಟರ್ ಕೆಲಸ ಮಾಡಿಲ್ಲ ಎಂದು ಬರೆಯಲು ಕಂಪನಿ ಬಿಡುವುದಿಲ್ಲ. ವೇಣು ಸಾರ್ ಅರ್ಧ ದಿನ ಯೋಚಿಸಿ, ಎರಡನೇ ವರದಿಗೆಂದು ಒಂದು ವಾಕ್ಯ ಹೇಳಿ ಬರೆಸಿದರು: ಹೋಲಿಕೆಗೆ ಆಧಾರವಾಗಿದ್ದ ಹಳೆಯ ಅಂಕಿಗಳು ಹಿಂದಿನ ಪಂಪ್ ಆಪರೇಟರ್ ಕೈಬರಹದ ಪುಸ್ತಕದಿಂದ ಪಡೆದವು, ಅವು ನಂಬಲರ್ಹವಲ್ಲ.

"ಅವರಿಗೇನೂ ನಷ್ಟ ಇಲ್ವಲ್ಲ ಗುರು," ಅಂದರು. "ಹೇಗೂ ಹೋಗಿಬಿಟ್ಟಿದಾರೆ."

ಚೂಡಾಮಣಿ ಮೇಡಂ ಟೈಪು ಮಾಡಿದರು. ಅಚ್ಚಾದ ಹಾಳೆಯನ್ನು ನನ್ನ ಮೇಜಿನ ಮೇಲೆ ಬೋರಲಾಗಿ ಇಟ್ಟು ಹೋದರು. ಅದಕ್ಕೂ ನನ್ನದೇ ಸಹಿ.

2004ರ ಮಾರ್ಚಿನಲ್ಲಿ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿಗೆ ಕರೆಂಟಿನ ಸರ್ವೆಗೆ ಹೋದೆ. ನೆಲಮಾಳಿಗೆಯ ಸಂಪಿನ ಹತ್ತಿರ, ಮೋಟಾರಿನ ಮೇಲೆ ಅಂಗೈ ಇಟ್ಟುಕೊಂಡು ಬೈಲಪ್ಪ ನಿಂತಿದ್ದರು. ಖಾಕಿ ಹೋಗಿ ಬೂದು ಬಣ್ಣದ ಯೂನಿಫಾರಂ ಬಂದಿತ್ತು, ಬೇರೆಯವರ ಅಳತೆಯದು.

"ಓ, ಬಾಗಲಕೋಟೆ ಸಾರ್," ಅಂದರು. "ಇಲ್ಲೂ ಕಂಪ್ಯೂಟ್ರು ಬಂತಾ?"

"ಇಲ್ರಿ. ಬರೀ ಸರ್ವೆ."

ಗೋವಿಂದಮ್ಮ ಇದೇ ಕಟ್ಟಡದ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರಂತೆ, ಅವರೇ ಹೇಳಿ ಈ ಕೆಲಸ ಕೊಡಿಸಿದ್ದು. ಸೆಕ್ಯುರಿಟಿ, ನೀರು, ಕಸ ಎಲ್ಲವೂ ಇವರೇ. ಆಕೆ ನನ್ನನ್ನು ಮೆಟ್ಟಿಲ ಹತ್ತಿರ ನೋಡಿದರು. ನೋಡಿ, ಬಕೆಟ್ಟು ಎತ್ತಿಕೊಂಡು ಮೇಲೆ ಹತ್ತಿದರು. ನನಗಾಗಿ ಕಾಯ್ದಿಟ್ಟಿದ್ದ ಬೈಗುಳವೇನಾದರೂ ಇದ್ದರೆ ಅದನ್ನೂ ಕೊಡಲಿಲ್ಲ.

"ನನ್ನಿಂದ ಹಿಂಗಾತ್ರಿ," ಎಂದೆ. ಹದಿನಾರು ತಿಂಗಳಿಂದ ಬಾಯಿಪಾಠ ಮಾಡಿದ್ದರಲ್ಲಿ ಹೊರಗೆ ಬಂದದ್ದು ಅಷ್ಟೇ.

"ಬಿಡಿ ಸಾರ್. ನೀವು ಹೆಸರು ಹಾಕಿದ್ರಂತೆ. ಕೂರಿಸಿ ಕೇಳಿದ್ರಲ್ಲ, ಆ ಸಾಹೇಬ್ರು ತೋರ್ಸಿದ್ರು ನನಗೆ. ನನ್ನ ಹೆಸರಿನ ಮುಂದೆ ಶ್ರೀ ಅಂತ ಇತ್ತು." ಆಮೇಲೆ ಕೇಳಿದರು. "ಒಂದ್ ವಿಷ್ಯ. ನನ್ ಪುಸ್ತಕ ಎಲ್ಲ ಏನ್ ಮಾಡಿದ್ರು? ಸುಟ್ಟಾಕಿದ್ರಾ?"

"ಇಲ್ರಿ. ಸೀಲ್ ಹಾಕಿ ಇಟ್ಟಾರ. ಭದ್ರ ಅದಾವ."

"ಆಂ. ಇರ್ಲಿ. ಯಾವತ್ತಾದ್ರೂ ಬೇಕಾಯ್ತದೆ. ಅದ್ರಲ್ಲಿ ಒಂದಿನದ್ದೂ ತಪ್ಪಿಲ್ಲ ಸಾರ್. ನೀವೇ ನೋಡಿದೀರಲ್ಲ."

"ನೋಡೀನ್ರಿ."

ನನ್ನ ಹೆಗಲ ಚೀಲದಲ್ಲಿ ಎರಡನೇ ವರದಿಯ ಪ್ರತಿ ಇತ್ತು. ಮಾಡಿದ ಕೆಲಸದ ಮಾದರಿ ಎಂದು ಹೊಸ ಗಿರಾಕಿಗಳಿಗೆ ತೋರಿಸಲು ಅದನ್ನು ಎಲ್ಲ ಕಡೆಗೂ ಒಯ್ಯಬೇಕೆಂದು ವೇಣು ಸಾರ್ ಹೇಳಿದ್ದರು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದೆ.

ಐದು ಗಂಟೆಯಾಯಿತು, ನೀರೇರಿಸುವ ಹೊತ್ತು. ಬೈಲಪ್ಪ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಮೊದಲು ಪಾರ್ಕಿಂಗಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ನಿಂತಿದ್ದ ಸ್ಕೂಟರು, ಕಾರುಗಳನ್ನು ಒಂದೊಂದಾಗಿ ತುಟಿಯಲ್ಲೇ ಎಣಿಸಿಕೊಂಡು ಬಂದರು. ಆಮೇಲೆ ಗೋಡೆಯ ಗಡಿಯಾರ ನೋಡಿ ಮೋಟಾರು ಹಾಕಿದರು.

"ಇಲ್ಲಿ ಲಾಗ್ ಪುಸ್ತಕ ಕೊಟ್ಟಿಲ್ಲೇನ್ರಿ?" ಎಂದು ಕೇಳಿದೆ.

"ಕೊಟ್ಟವ್ರೆ. ತಾರೀಖು, ಟೈಮು ಹಾಕ್ತೀನಿ," ಅಂದರು, ಅಂಗೈಯನ್ನು ಮತ್ತೆ ಮೋಟಾರಿನ ಮೇಲೆ ಇಡುತ್ತಾ. "ಷರಾ ಖಾಲಿ ಬಿಡ್ತೀನಿ."